ಸರ್ಟಿಫಿಕೇಟ್ ಸಾಕು, ನೀನು ಬೇಡ

ಅವರ್ಸಾ,
ಭಾನುವಾರ, ೧೮ ಫೆಬ್ರುವರಿ ೨೦೨೪

ಪ್ರೀತಿಯ ಅಪ್ಪಾ,

ಮಾತು ಬಿಟ್ಟ ಅಪ್ಪನಿಗೆ ಕಾಗದ ಹೇಗೆ ಶುರು ಮಾಡಬೇಕೆಂದು ಶಾಲೆಯಲ್ಲಿ ಯಾರೂ ಕಲಿಸಲಿಲ್ಲ. ಅದಕ್ಕೇ ನೇರವಾಗಿ ಬರೆಯುತ್ತೇನೆ. ನಾನು ಫೋನ್ ಮಾಡಿದರೆ ನೀನು ಕಟ್ ಮಾಡುತ್ತೀಯ. ಅವ್ವಿಯ ಫೋನಿನಿಂದ ಮಾಡಿದರೂ ನನ್ನ ದನಿ ಕೇಳಿದ ಕೂಡಲೇ ಬಸ್ ಬಿಡಲು ಹೊತ್ತಾಯಿತು ಅನ್ನುತ್ತೀಯ. ಹೋದ ಭಾನುವಾರ ನೀನು ಮನೆಗೆ ಬರಲಿಲ್ಲ. ಇವತ್ತೂ ಬರಲಿಲ್ಲ. ಅವ್ವಿ ಇವತ್ತು ನಿನಗೆಂದು ಬಂಗಡೆ ಮೀನು ತಂದು ಸಾರು ಮಾಡಿದ್ದಳು. ಮಧ್ಯಾಹ್ನ ಕಳೆದ ಮೇಲೆ ನಮಗೇ ಬಡಿಸಿದಳು. ಪಕ್ಕದ ಮನೆಯ ಜಟ್ಟಣ್ಣನ ರಜೆ ಮುಗಿಯಿತಂತೆ, ನಾಳೆ ಬೆಳಿಗ್ಗೆ ಅವನೂ ಮಲ್ಲಾಪುರಕ್ಕೆ ಡ್ಯೂಟಿಗೆ ಬರುತ್ತಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಹರಿದು ಹಾಕುವುದಾದರೆ ಓದಿ ಹರಿದು ಹಾಕು.

ಕೆಲಸಕ್ಕೆಂದು ಹೋದ ರಾಮನಾಥರ ಆಫೀಸಿನಲ್ಲಿ ನಾನು ದೊಡ್ಡವರಿಗೆ ಎದುರು ಮಾತಾಡಿ ಎದ್ದು ಬಂದೆ ಎಂದು ನೀನು ಅವರಿಂದ ಕೇಳಿದ್ದೀಯ. ನನ್ನಿಂದ ಏನೂ ಕೇಳಿಲ್ಲ. ಆ ದಿನ ನಾನು ಕಾರವಾರದಿಂದ ಬಂದು ಬಸ್ಸಿಳಿಯುವಷ್ಟರಲ್ಲಿ ಅವರ ಫೋನು ನಿನಗೆ ಬಂದಾಗಿತ್ತು. ಚಪ್ಪಲಿ ಬಿಡುವುದಕ್ಕೂ ಬಿಡದೆ, ಅಜ್ಜಿಯ ಎದುರಿಗೇ ನೀನು ಅಂದೆ, "ಕೂತು ತಿನ್ನೂ ಕೆಲ್ಸಾನೂ ಬ್ಯಾಡ್ವಂತೆ ಇವ್ಳಿಗೆ. ಇಷ್ಟು ಓದ್ಸಿದ್ದು ಯಾರ್ ಮಾನ ಕಳಿಯೂಕೆ?" ಅಂತ. ನೀನು ಊಟಕ್ಕೂ ಕೂರದೆ ಮಲ್ಲಾಪುರಕ್ಕೆ ಹೋದೆ. ಆ ಕೋಣೆಯಲ್ಲಿ ನಡೆದದ್ದೇನು ಎಂದು ಈಗ ಹೇಳುತ್ತೇನೆ.

ಅದಕ್ಕೂ ಮೊದಲು, ನಾನು ಅಲ್ಲಿಗೆ ಎಷ್ಟು ಆಸೆಯಿಂದ ಹೋಗಿದ್ದೆ ಎನ್ನುವುದು ನಿನಗೆ ತಿಳಿಯಬೇಕು. ಹುಬ್ಬಳ್ಳಿಯ ಕಂಪನಿಯಲ್ಲಿ ಮೋಟಾರಿನ ಸ್ಟಾರ್ಟರ್ ಚಿತ್ರ ಬಿಡಿಸು ಅಂದರು, ಒಂದು ಗೆರೆ ತಪ್ಪದೆ ಬಿಡಿಸಿದೆ. ಸರಿಯಾಗಿದೆ, ಆದರೆ ನಿಮಗೆ ಅನುಭವ ಇಲ್ಲವಲ್ಲ ಅಂದರು. ಹೊಸಬರು ಬೇಕು ಎಂದು ಜಾಹೀರಾತು ಹಾಕಿದವರೂ ಅವರೇ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಇನ್ನೊಂದು ಕಡೆ ಪ್ರಶ್ನೆ ಇದ್ದದ್ದೇ ಒಂದು, ಮದುವೆ ಗೊತ್ತಾಗಿದೆಯೇ ಅಂತ. ಫೋನಿನಲ್ಲಿ ನಡೆಯುವ ವಿಡಿಯೋ ಇಂಟರ್‌ವ್ಯೂಗೆ ನಮ್ಮಲ್ಲಿ ನೆಟ್‌ವರ್ಕ್ ಸಾಲುವುದಿಲ್ಲವೆಂದು ಚಿತ್ತಾಕುಲಕ್ಕೆ, ನನ್ನ ಜೊತೆ ಓದಿದ ದೀಪಾಲಿಯ ಮನೆಗೆ ಹೋಗಿದ್ದೆ. ಅವಳ ಆಯಿ ನನಗಾಗಿ ಮಿಕ್ಸರ್ ಕೂಡ ತಿರುಗಿಸದೆ ಸುಮ್ಮನೆ ಕೂತಿದ್ದರು. ಮೂರನೇ ಪ್ರಶ್ನೆಗೆ ಕರೆಂಟು ಹೋಯಿತು, ಅದರ ಜೊತೆ ಅವರ ಮನೆಯ ವೈಫೈಯೂ. ಎಲೆಕ್ಟ್ರಿಕಲ್ ಇಂಜಿನಿಯರಿನ ಇಂಟರ್‌ವ್ಯೂ ಕರೆಂಟು ಹೋಗಿ ನಿಂತಿತು ಎಂದು ದೀಪಾಲಿ ನಕ್ಕಳು. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ಕಾಳಿ ಸೇತುವೆ ದಾಟುವ ತನಕವೂ ತಡೆಯಲು ಆಗಲಿಲ್ಲ, ಮುಖ ಕಿಟಕಿಗೆ ಹಚ್ಚಿ ಅತ್ತೆ. ಮನೆಗೆ ಬಂದರೆ ಅಜ್ಜಿ ಯಾವತ್ತಿನ ಹಾಗೆ, "ಪಾಸಾಯ್ತೇನೆ?" ಎಂದು ಕೇಳಿದಳು. ಪಾಸಾಗಿ ವರ್ಷವಾಗುತ್ತಾ ಬಂತು ಅಜ್ಜೀ ಎಂದು ರೇಗಿದೆ. ಪಾಪ, ಅವಳಿಗೆ ಪರೀಕ್ಷೆಯೂ ಇಂಟರ್‌ವ್ಯೂವೂ ಒಂದೇ.

ಇಷ್ಟೆಲ್ಲಾ ಆದ ಮೇಲೆ ನೀನು ಬಂದು, ರಾಮನಾಥರು ದೊಡ್ಡ ಎಲೆಕ್ಟ್ರಿಕ್ ಕಂತ್ರಾಟುದಾರರು, ಶಾಲೆ ಅಂಗನವಾಡಿಗಳ ವೈರಿಂಗ್ ಎಲ್ಲಾ ಅವರದೇ, ನಿನ್ನನ್ನು ತೆಗೆದುಕೊಳ್ಳುತ್ತಾರೆ ಅಂದೆ. ನೋಡಬೇಕಂತೆ ಎಂದು ನನ್ನ ಸರ್ಟಿಫಿಕೇಟುಗಳನ್ನು ನೀನೇ ಒಯ್ದೆ. ನಾನು ಹಳೆಯ ಪುಸ್ತಕಗಳನ್ನೆಲ್ಲ ಮಾಳಿಗೆಯಿಂದ ಇಳಿಸಿ ಮತ್ತೆ ಓದಿದೆ. ಅವ್ವಿಯ ಹಸಿರು ಸೀರೆ ಉಟ್ಟು ಹೋದೆ.

ಅವರ ಆಫೀಸು ಕಾರವಾರದ ಕೋಡಿಬಾಗ ರಸ್ತೆಯಲ್ಲಿ, ಒಂದು ಅಂಗಡಿಯ ಮಾಳಿಗೆಯ ಮೇಲೆ. ರಾಮನಾಥರೂ ಅವರ ಮ್ಯಾನೇಜರ್ ನಿತಿನನೂ ಇದ್ದರು. ಬಹಳ ಪ್ರೀತಿಯಿಂದಲೇ ಕೂರಿಸಿದರು. ಕೋಕಂ ಶರಬತ್ತು ತರಿಸಿದರು. ನಾನು ಪ್ರಶ್ನೆಗಾಗಿ ಕಾಯುತ್ತಿದ್ದೆ. ಪ್ರಶ್ನೆಯೇ ಬರಲಿಲ್ಲ. ಕೊನೆಗೆ ನಾನೇ, ಯಾವಾಗಿಂದ ಬರಲಿ ಎಂದು ಕೇಳಿದೆ.

"ಬರೂದೆಂತಕೆ ತಂಗೀ?" ಅಂದರು. "ಲೈಸೆನ್ಸ್ ರಿನ್ಯೂ ಮಾಡೂಕೆ ಒಬ್ಬ ಇಂಜಿನಿಯರನ ಹೆಸ್ರು ತೋರಿಸ್ಬೇಕು, ಅಷ್ಟೇ. ನಿನ್ನ ಸರ್ಟಿಫಿಕೇಟ್ ಸಾಕು, ನೀನು ಬೇಡ. ಮನೇಲೇ ಆರಾಮ್ ಇರು. ತಿಂಗಳಾ ತಿಂಗಳಾ ನಿನ್ನ ಖಾತೆಗೆ ಬೀಳ್ತದೆ."

ಅಪ್ಪಾ, ನಾನು ಆಗ ಎದುರು ಮಾತಾಡಲಿಲ್ಲ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಾಗಾದರೆ ವೈರಿಂಗ್ ಯಾರು ನೋಡುತ್ತಾರೆ, ಶಾಕ್ ಹೊಡೆಯದಂತೆ ಹಾಕುವ ಅರ್ಥಿಂಗ್ ಸರಿ ಇದೆಯೇ ಎಂದು ಯಾರು ಪರೀಕ್ಷೆ ಮಾಡುತ್ತಾರೆ ಎಂದು ಕೇಳಿದೆ. ನಿತಿನ ನಕ್ಕು, "ನಮ್ಮ ಹುಡುಗ್ರು ಅದಾರೆ. ಕಾಗದದ ಮೇಲೆ ನೀವು ನೋಡಿದಂಗೆ" ಅಂದ. ಅಂಗನವಾಡಿಯ ಗೋಡೆಗೆ ಕೈ ಹಚ್ಚಿದ ಮಗುವಿಗೆ ಶಾಕ್ ಹೊಡೆದರೆ ನೋಡಿದವಳು ಯಾರು ಎಂದು ಬರುತ್ತದೆ, ನನ್ನ ಹೆಸರು ಬರುತ್ತದೆ. ಆ ಗೋಡೆಯನ್ನು ನಾನು ಕಂಡೇ ಇರುವುದಿಲ್ಲ.

ಆಗ ನಾನು ಮಾಡಿದ್ದು ಕೇಳಿದರೆ ನಿನಗೆ ಸಿಟ್ಟು ಬರುವುದಿಲ್ಲ, ಬೇಸರವಾದೀತು. ನಾನು ಬೇಡಿಕೊಂಡೆ. ನನ್ನನ್ನು ನಿಜವಾಗಿಯೂ ಕೆಲಸಕ್ಕೆ ಇಟ್ಟುಕೊಳ್ಳಿ, ದಿನಾ ಬರುತ್ತೇನೆ, ಏಣಿ ಹತ್ತುತ್ತೇನೆ, ನಿಮ್ಮ ಹುಡುಗರ ಕೈಕೆಳಗೆ ಕಲಿಯುತ್ತೇನೆ, ಕೊಡುವುದು ಕಮ್ಮಿಯಾದರೂ ಅಡ್ಡಿಯಿಲ್ಲ ಎಂದೆಲ್ಲ ಹೇಳಿದೆ. ರಾಮನಾಥರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನಿಸಿತು. "ಹೆಣ್ಣು ಹುಡುಗಿ ಸೈಟಿಗೆ ಬಂದು ಎಂತಾ ಮಾಡ್ತೆ ಮಾರಾಯ್ತಿ? ನಮ್ಗೆ ಸುಮ್ನೆ ತಲೆಬಿಸಿ" ಅಂದರು. ಆಮೇಲೆಯೇ ನಾನು ಎದ್ದದ್ದು. ನನ್ನ ಸರ್ಟಿಫಿಕೇಟುಗಳನ್ನು ವಾಪಸು ಕೊಡಿ ಅಂದೆ. ಕೊಟ್ಟವರ ಕೈಗೇ ಕೊಡುತ್ತೇವೆ, ಉಮೇಶನನ್ನು ಕಳಿಸು ಅಂದರು. ಹೌದು, ಮೆಟ್ಟಿಲು ಇಳಿಯುವಾಗ ನಾನು ಕೂಗಾಡಿದೆ. ಕೆಳಗಿನ ಅಂಗಡಿಯವರೆಲ್ಲ ಹೊರಗೆ ಬಂದು ನೋಡುವಷ್ಟು ಕೂಗಾಡಿದೆ. ಅದೊಂದು ಸುಳ್ಳಲ್ಲ.

ಎಲ್ಲಾ ಕಡೆ ನನ್ನ ಸರ್ಟಿಫಿಕೇಟ್ ಸರಿ ಇದೆ, ನಾನು ಸರಿ ಇಲ್ಲ. ಹೆಣ್ಣು, ಹೊಸಬಳು, ದೂರದವಳು, ಇಂಗ್ಲಿಷ್ ತಡವರಿಸುವವಳು. ಅವರೆಲ್ಲ ಅದನ್ನು ಸುತ್ತಿ ಬಳಸಿ ಹೇಳಿದ್ದರು. ಇವರು ಬಾಯಿಬಿಟ್ಟು ಹೇಳಿದರು. ಹಗಲೆಲ್ಲಾ ಮನೆಯಲ್ಲಿ ಕೂತು ಗದ್ದೆಯ ಬದುವಿನಲ್ಲಿ ಕೊಕ್ಕರೆ ಎಣಿಸುವುದು ನನಗೂ ಸಾಕಾಗಿದೆ. ಆದರೆ ನಾನು ಮನೆಯಲ್ಲೇ ಇರುವುದಕ್ಕೆ ಸಂಬಳ ತೆಗೆದುಕೊಂಡರೆ, ಮತ್ತೆ ಎಂದೂ ಮನೆಯಿಂದ ಹೊರಡುವುದಿಲ್ಲ ಎಂಬ ಹೆದರಿಕೆ.

ಈಗ ಮುಖ್ಯ ವಿಷಯ. ಗೋವಾದ ಒಂದು ಎಲೆಕ್ಟ್ರಿಕ್ ಪ್ಯಾನೆಲ್ ಬೋರ್ಡ್ ಕಾರ್ಖಾನೆಯಿಂದ ಕರೆ ಬಂದಿದೆ. ಗುರುವಾರ ಇಂಟರ್‌ವ್ಯೂ. ಬರೆಯುವ ಪರೀಕ್ಷೆ ದೀಪಾಲಿಯ ಮನೆಯಿಂದ ಫೋನಿನಲ್ಲೇ ಆಗಿ, ನಾನು ಅದರಲ್ಲಿ ಪಾಸಾಗಿದ್ದೇನೆ. ಒರಿಜಿನಲ್ ಸರ್ಟಿಫಿಕೇಟ್ ತೋರಿಸದವರನ್ನು ಗೇಟಿನ ಒಳಗೆ ಬಿಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಮೊನ್ನೆ ಮತ್ತೆ ಕೋಡಿಬಾಗಕ್ಕೆ ಹೋಗಿ ಮಧ್ಯಾಹ್ನದ ತನಕ ಆ ಮೆಟ್ಟಿಲ ಮೇಲೆ ಕೂತೆ. ಕೊಡಲಿಲ್ಲ. ನೀನು ಹೋದರೆ ಮಾತ್ರ ಕೊಡುತ್ತಾರೆ. ನನ್ನೊಡನೆ ಮಾತಾಡದಿದ್ದರೆ ಬೇಡ. ಅದೊಂದನ್ನು ತಂದುಕೊಡು.

ನಿನ್ನ ಮಗಳು,
ಗಾಯತ್ರಿ

ತಾ.ಕ.: ನಿನಗೆ ಏನೂ ಗೊತ್ತಿಲ್ಲ ಎನ್ನುವ ಹಾಗೆ ಇಷ್ಟೆಲ್ಲಾ ಬರೆದೆ. ಆ ದಿನ ರಾಮನಾಥರು ಇನ್ನೊಂದು ಮಾತು ಹೇಳಿದ್ದರು, "ನಿನ್ನ ಅಪ್ಪಂಗೆ ಎಲ್ಲಾ ಗೊತ್ತುಂಟು, ಒಪ್ಪೇ ಸರ್ಟಿಫಿಕೇಟ್ ಕೊಟ್ಟಿದ್ದು" ಅಂತ. ಅವ್ವಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

*

ಮಲ್ಲಾಪುರ,
ಮಂಗಳವಾರ, ೨೦ ಫೆಬ್ರುವರಿ

ಗಾಯತ್ರಿಗೆ ಅಪ್ಪ ಬರೆಯುವುದು.

ಕಾಗದ ಬರೆದು ರೂಢಿ ತಪ್ಪಿದೆ. ನಿನ್ನ ಕಾಗದವನ್ನು ಜಟ್ಟ ನಿನ್ನೆ ಊಟದ ಹೊತ್ತಿಗೆ ಕೊಟ್ಟ, ಬಸ್ಸಿನಲ್ಲೇ ಕೂತು ಓದಿದೆ.

ರಾಮನಾಥ ಹೇಳಿದ್ದು ಸುಳ್ಳಲ್ಲ. ಗೊತ್ತಿತ್ತು. ಪ್ರತಿ ಸಲ ಇಂಟರ್‌ವ್ಯೂ ಮುಗಿಸಿ ಬಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆಯಲ್ಲ, ಎಲ್ಲಾದರೂ ಒಂದು ಕಡೆ ಇಂಜಿನಿಯರ್ ಎಂದು ಹೆಸರು ಬರಲಿ, ಇವಳ ಮುಖ ಈ ಕಡೆ ತಿರುಗಲಿ ಅನಿಸಿತು. ಅಂಗನವಾಡಿಯ ಗೋಡೆ ನನ್ನ ತಲೆಗೆ ಬಂದಿರಲಿಲ್ಲ. ನೀನು ಬರೆದ ಮೇಲೆ ಬಂತು. ಮನೆಗೆ ಬಾರದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಬಂದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು.

ಇವತ್ತು ರಜೆ ಹಾಕಿ ಕಾರವಾರಕ್ಕೆ ಹೋಗಿದ್ದೆ. ರಾಮನಾಥ ಮೊದಲು ನಾಳೆ ಅಂದ. ನಾಳೆ ತನಕ ಇಲ್ಲೇ ಇರ್ತೇನೆ ಎಂದು ಅವನ ಎದುರು ಕುರ್ಚಿ ಎಳೆದು ಕೂತೆ. ಆಮೇಲೆ ಕೊಟ್ಟ. ಎಲ್ಲಾ ಇದೆ, ನಿತಿನನ ಎದುರಿಗೇ ಒಂದೊಂದಾಗಿ ನೋಡಿ ತೆಗೆದುಕೊಂಡೆ. ಜಟ್ಟನಿಗೆ ನಾಳೆ ರಾತ್ರಿ ಪಾಳಿಯಂತೆ, ಬೆಳಿಗ್ಗೆ ಊರಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸಿದ್ದೇನೆ. ಗೋವಾಕ್ಕೆ ಹೊರಡುವಾಗ ಊಟ ಮಾಡಿ ಹೊರಡು. ಕೇಳಿದ್ದಕ್ಕೆ ಗೊತ್ತಿದ್ದಷ್ಟು ಗಟ್ಟಿಯಾಗಿ ಹೇಳು. ಅಲ್ಲಿಯೂ ಆಗದಿದ್ದರೆ ಮನೆಗೆ ಬಾ, ನಾನು ಮಾತಾಡುತ್ತೇನೆ.

ಅಪ್ಪ,
ಉಮೇಶ

ತಾ.ಕ.: ನಿನಗೆ ಹೇಳಿರಲಿಲ್ಲ, ನಾನು ಓಡಿಸುವ ಬಸ್ಸು ರಾಮನಾಥನ ಭಾವನದು. ನಾಳೆಯಿಂದ ಅದಕ್ಕೆ ಬೇರೆ ಡ್ರೈವರ್. ಅವ್ವಿಗೆ ನಾನೇ ಬಂದು ಹೇಳುತ್ತೇನೆ. ಗುರುವಾರ ಮುಗಿಯುವ ತನಕ ನೀನು ಇದನ್ನು ತಲೆಗೆ ಹಚ್ಚಿಕೊಳ್ಳಬೇಡ.