ಮೈಕಿನಲ್ಲಿ ಆಪ್ತ ಸಮಾಲೋಚನೆ

ಅಕ್ಕಾ,

ಈ ಪತ್ರ ಕಳಿಸುವುದಿಲ್ಲ, ಹಾಗಾಗಿ ಧೈರ್ಯವಾಗಿ ಬೈಯುತ್ತೇನೆ. ಶಾಲೆಯಲ್ಲಿ ನಿಮ್ಮ ಜಾಗಕ್ಕೆ ಬಂದಿರುವ ಆಪ್ತ ಸಮಾಲೋಚಕ ಮಹಾಶಯ, ನಿಮ್ಮ ಬಳಿಗೆ ಹಿಂದಿನ ಮೆಟ್ಟಿಲು ಹತ್ತಿ ಗುಟ್ಟಾಗಿ ಬರುತ್ತಿದ್ದ ಆ ಹುಡುಗಿಯನ್ನು ಇವತ್ತು ಮೈಕಿನಲ್ಲಿ ಹೆಸರು ಕೂಗಿ ಕರೆದ. ಇಡೀ ತರಗತಿ ನಕ್ಕಿತು. ತಲೆ ತಗ್ಗಿಸಿ ಹೋದವಳು ಐದೇ ನಿಮಿಷದಲ್ಲಿ ಹಿಂತಿರುಗಿದಳು.

ಸ್ಟಾಫ್ ರೂಮಿನಲ್ಲಿ ಅವನ ಜಂಬ ನೋಡಬೇಕಿತ್ತು. "ಏನೂ ತೊಂದ್ರೆ ಇಲ್ಲ ಸರ್ ಅಂತ ಅವಳೇ ಒಪ್ಕೊಂಡ್ಲು. ಹಿಂದಿನ ಮೇಡಂ ಸುಮ್ನೆ ವರ್ಷಗಟ್ಲೆ ಎಳೆದ್ರು!" ಹೆಡ್‌ಮಾಸ್ಟರು ಭೇಷ್ ಎಂದರು. ಗಾಯದ ಮೇಲೆ ಬರೆ ಎಳೆದವನಿಗೆ ವೈದ್ಯನ ಪಟ್ಟ!

ಸಂಜೆ ಆ ಹುಡುಗಿ ನನ್ನನ್ನು ಗೇಟಿನ ಬಳಿ ತಡೆದಳು. "ಅಕ್ಕನ್ನ ಕೆಲಸದಿಂದ ತೆಗೆದ ಮೀಟಿಂಗಲ್ಲಿ ನೀವೂ ಇದ್ರಂತೆ. ಅವ್ರ ಪರವಾಗಿ ಒಬ್ರೂ ಮಾತಾಡ್ಲಿಲ್ವಾ ಮಿಸ್?"

ನಾಳೆ ಪದ್ಯ ಒಪ್ಪಿಸುವುದಿದೆ, ಓದಿಕೊಂಡು ಬಾ ಎಂದೆ.