ಕಡ್ಡಿ ಮುಂದೆ, ಬಾತುಕೋಳಿ ಹಿಂದೆ

ಜೂನ್ 9, ಸೋಮವಾರ
ಮತ್ತೆ ನಂಬರ್ ಕಾರ್ಡು. ಮೇಜಿನ ಮೇಲೆ 12, ಪಕ್ಕದಲ್ಲಿ 21. "ಸ್ಕೂಲಿಗೆ ಬರೋ ಬಸ್ಸು ಯಾವುದು?" ಎಂದೆ. ಪಟಾಕಿ ಥಟ್ಟನೆ 12 ಮುಟ್ಟಿದಳು. ಅವಳಿಗೆ ಹದಿನೈದು ವರ್ಷ ತುಂಬಿದೆ. ಕಲಿಕೆ ಆಮೆನಡಿಗೆ, ಬಾಯಿ ಮಾತ್ರ ಚಟಪಟ. ಅದಕ್ಕೇ ಆ ಹೆಸರು. ಒಬ್ಬಳೇ ಬಸ್ಸಿನಲ್ಲಿ ಬರುವಂತಾಗಬೇಕು. ಉತ್ತರವೆಲ್ಲ ಸರಿಯೇ. ಆದರೂ ಏನೋ ಚುಚ್ಚುತ್ತಿದೆ...

ಜೂನ್ 10
ಗೊತ್ತಾಯಿತು. ಕೇಳಿಯೇಬಿಟ್ಟೆ — "ಹೇಗೆ ಕಂಡುಹಿಡೀತೀಯ?"
"ಸರಿ ಕಾರ್ಡ್ ಹತ್ರ ಕೈ ತಂದ್ರೆ ನಿಮ್ ಹುಬ್ಬು ಮೇಲೆ ಹೋಗುತ್ತಲ್ಲಾ ಟೀಚರ್!"
ಕಾರ್ಡು ನೋಡಿಯೇ ಇಲ್ಲ. ಇಷ್ಟು ದಿನ ಓದಿದ್ದು ನನ್ನ ಮುಖವನ್ನು. ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು.

ಜೂನ್ 19
ಈಗ ಅವಳ ಬೆನ್ನ ಹಿಂದೆ ನಿಲ್ಲುತ್ತೇನೆ. ಬರೀ ತಪ್ಪು. "ಮುಂದೆ ಬನ್ನಿ" ಎಂದು ಅತ್ತಳು. ಹೋಗಲಿಲ್ಲ. ಕೈ ಕೈ ಹಿಸುಕಿಕೊಂಡೆ. ಕಣ್ಣೊರೆಸಿಕೊಂಡು ಕಾರ್ಡನ್ನೇ ದಿಟ್ಟಿಸಿದಳು. 1 ಮುಟ್ಟಿ, "ಇದು ಕಡ್ಡಿ." 2 ಮುಟ್ಟಿ, "ಇದು ಬಾತುಕೋಳಿ. ಕಡ್ಡಿ ಮುಂದೆ!"
ನಾಳೆಯಿಂದ ನಿಜವಾದ ಬಸ್‌ಸ್ಟಾಪು.

ಜುಲೈ 2
ಸ್ಟಾಪಿನಲ್ಲಿ ಈಗ ಅವಳು ತಪ್ಪು ಮಾಡುವುದಿಲ್ಲ. ಒಬ್ಬಳನ್ನೇ ಕಳಿಸಲು ಅವಳಮ್ಮನೇ ಒಪ್ಪುತ್ತಿಲ್ಲ. "ನಿಮ್ಗೇನು ಮೇಡಂ, ಹೇಳಿಬಿಡ್ತೀರ. ಹೆಚ್ಚುಕಮ್ಮಿ ಆದ್ರೆ ಹೊಟ್ಟೆ ಉರಿಯೋದು ನನಗೆ."
ಪಟಾಕಿ ಕೇಳಿದಳು — "ಅಮ್ಮಾ, ನೀನು ಸತ್ತೋದ್ರೆ ನನ್ನ ಯಾರು ಕರ್ಕೊಂಡ್ ಬರ್ತಾರೆ?"
ಆಕೆ ಮಗಳ ಜಡೆ ಬಿಚ್ಚಿದರು. ಮತ್ತೆ ಹೆಣೆದರು. ಆಮೇಲೆ, "ಶುಕ್ರವಾರ ಕಳಿಸ್ತೀನಿ."

ಜುಲೈ 4, ಶುಕ್ರವಾರ, ಬೆಳಿಗ್ಗೆ
ಸ್ಕೂಲಿನ ಎದುರಿನ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವಳಮ್ಮ ಫೋನ್ ಮಾಡಿದ್ದರು — "ಮನೆ ಹತ್ರದ ಸ್ಟಾಪಲ್ಲಿ ಬಿಟ್ಟು ಬಂದೆ. ಅವ್ಳು ತಿರುಗೀನೂ ನೋಡ್ಲಿಲ್ಲ."
21 ಇಲ್ಲಿ ನಿಲ್ಲದೆ ಹಾದುಹೋಯಿತು. ಕಿಟಕಿಗಳಲ್ಲಿ ಅವಳು ಕಾಣಲಿಲ್ಲ, ಸದ್ಯ.
12 ಬಂತು. ಇಳಿದವರನ್ನೆಲ್ಲ ನೋಡಿದೆ. ಇಲ್ಲ. ಒಳಗೆ ಹತ್ತಿ, ಕಿಕ್ಕಿರಿದ ಜನರ ನಡುವೆ ನುಸುಳಿ ಸೀಟು ಸೀಟು ಹುಡುಕಿದೆ. ಕಂಡಕ್ಟರ್ ಬೈದ. ಇಲ್ಲ.
ಆ ತಾಯಿಗೆ ಯಾವ ಮುಖ ಇಟ್ಟುಕೊಂಡು —

ಅದೇ ದಿನ, ಪ್ರಾರ್ಥನೆ ಬೆಲ್ ಆದ ಮೇಲೆ
ಮುಂದಿನ 12ರಲ್ಲಿ ಬಂದಳು! ಆರಾಮವಾಗಿ ಇಳಿದಳು. ನಾನು ಹೆಚ್ಚುಕಡಿಮೆ ಕಿರುಚಿದೆ — "ಮೊದಲ್ನೇದು ಯಾಕೆ ಹತ್ಲಿಲ್ಲ?"
"ಅಯ್ಯೋ ಟೀಚರ್, ಅದ್ರಲ್ಲಿ ಕಾಲಿಡಕ್ಕೂ ಜಾಗ ಇರ್ಲಿಲ್ಲ. ಹಿಂದೆ ಇನ್ನೊಂದು ಬರುತ್ತಲ್ಲಾ!"
ಇದನ್ನು ನಾನು ಕಲಿಸಿರಲಿಲ್ಲ. ಯಾರೂ ಕಲಿಸಿರಲಿಲ್ಲ.
ಅವಳಮ್ಮನಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. "ಬಂದ್ಲಾ?"
ಫೋನನ್ನು ಪಟಾಕಿಯ ಕೈಗೇ ಕೊಟ್ಟೆ.