ಎಡಕ್ಕೆ ಎಳೆಯುತ್ತಿದ್ದ ಜೀಪು

ಗ್ಯಾರೇಜಿನ ಮೇಲಿನ ಕೋಣೆಯಿಂದ,
ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಂದರಿನ ಉಪ್ಪುಗಾಳಿಗೆ ನಿನ್ನ ಕೆಮ್ಮು ಮತ್ತೆ ಕೆರಳಿರಬೇಕು ಎಂದು ಅಮ್ಮನಿಗೆ ಒಂದೇ ಯೋಚನೆ. ಕ್ರೇನ್ ಹತ್ತುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ಬಿಸಿನೀರೇ ಕುಡಿಯಬೇಕಂತೆ. ಇದನ್ನು ಬರೆಯದೆ ಮುಂದಿನ ಸಾಲಿಗೆ ಹೋಗಕೂಡದೆಂದು ಅಪ್ಪಣೆಯಾಗಿದೆ, ಬರೆದಿದ್ದೇನೆ. ಅಪ್ಪನ ಕಣ್ಣಿನ ಪೊರೆ ಇನ್ನಷ್ಟು ದಟ್ಟವಾಗಿದೆ, ಮುಂದಿಟ್ಟ ಲೋಟವನ್ನೂ ತಡಕಾಡಿ ಹಿಡಿಯುತ್ತಾರೆ. ಆದರೂ ಗ್ಯಾರೇಜಿಗಿಳಿದು ತಮ್ಮ ಸ್ಟೂಲಿನ ಮೇಲೆ ಕೂರುವುದನ್ನು ಬಿಟ್ಟಿಲ್ಲ. ನನ್ನ ಕೈಯಿಂದ ಸ್ಪ್ಯಾನರ್ ಜಾರಿದರೆ ಸದ್ದು ಕೇಳಿಯೇ ಅದರ ನಂಬರ್ ಹೇಳುತ್ತಾರೆ. ಬಹಳ ಸಲ ತಪ್ಪೇ, ಆದರೆ ಒಪ್ಪಿಕೊಳ್ಳುವ ಪೈಕಿಯಲ್ಲ. ಇನ್ನು ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಅದನ್ನು ಬರೆಯಲು ಮನಸ್ಸಾಗುತ್ತಿಲ್ಲ.

ನೀನು ಹೊರಟಾಗ ಬೆಟ್ಟದ ಮೇಲಿನ ಹವಾಮಾನ ಕೇಂದ್ರಕ್ಕೆ ಜನ, ಸಾಮಾನು ಸಾಗಿಸುವ ಕೆಲಸವನ್ನೂ ಜೀಪನ್ನೂ ನನಗೆ ಒಪ್ಪಿಸಿದೆ. ಮನೆಯಲ್ಲಿ ಎಲ್ಲರಿಗೂ ಅನುಮಾನವಿದ್ದಾಗ, ಇವಳು ನನಗಿಂತ ಚೆನ್ನಾಗಿ ಓಡಿಸುತ್ತಾಳೆ ಎಂದು ವಾದಿಸಿದವನು ನೀನೊಬ್ಬನೇ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಮೊದಲ ವಾರದಿಂದಲೇ ಜೀಪು ಎಡಕ್ಕೆ ಎಳೆಯುತ್ತಿತ್ತು. ನೆಟ್ಟಗಿನ ರಸ್ತೆಯಲ್ಲೂ ಸ್ಟೀರಿಂಗನ್ನು ಸದಾ ತಿದ್ದುತ್ತಿರಬೇಕು. ಚಕ್ರ ಕಲ್ಲಿನ ಮೇಲೆ ಹತ್ತಿಳಿದರೆ ಗಾಡಿಯ ಮುಂಭಾಗವೆಲ್ಲ ಚಳಿಜ್ವರ ಬಂದಂತೆ ಗಡಗಡ ನಡುಗುತ್ತಿತ್ತು. ಫೋನಿನಲ್ಲಿ ಹೇಳಿದಾಗ ನೀನು ನಕ್ಕೆ. “ಭಯ ಇರೋದು ನಿನ್ನಲ್ಲಿ ಕಣೇ ಪುಟ್ಟಿ, ಗಾಡೀಲಲ್ಲ. ಸ್ಟೀರಿಂಗ್ ಅಷ್ಟು ಬಿಗಿಯಾಗಿ ಹಿಡೀಬೇಡ” ಅಂದೆ. ಅಪ್ಪನೂ ಅದಕ್ಕೇ ತಾಳ ಹಾಕಿದರು. ಮಗ ಓಡಿಸುವಾಗ ಸರಿಯಿದ್ದ ಗಾಡಿ ಮಗಳ ಕೈಗೆ ಬಂದ ಕೂಡಲೇ ಕೆಡುವುದೆಂದರೇನು ಎಂದು. ನಾನೂ ನಂಬಿದೆ. ಊಟಕ್ಕೆ ಕೂತಾಗ ತಟ್ಟೆ ಬಿಟ್ಟು ನನ್ನ ಅಂಗೈಗಳನ್ನೇ ನೋಡುತ್ತಿದ್ದೆ, ದೋಷ ಅಲ್ಲೆಲ್ಲೋ ಕಾಣಿಸುತ್ತದೆ ಎನ್ನುವ ಹಾಗೆ.

ಆಮೇಲೆ ಬೆಟ್ಟದ ದಾರಿಯ ಆ ತಿರುವು. ಪಕ್ಕದಲ್ಲಿ ಕೇಂದ್ರದ ಮೇಡಂ ಕೂತಿದ್ದರು, ಹಿಂದೆ ಅವರ ಉಪಕರಣಗಳ ಪೆಟ್ಟಿಗೆಗಳು. ನಾನು ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ. ಅದು ತಿರುಗಿತು, ಗಾಡಿ ತಿರುಗಲಿಲ್ಲ. ಮುಂದಿನ ಎಡಚಕ್ರ ರಸ್ತೆಯ ಅಂಚು ದಾಟಿ ಗಾಳಿಯಲ್ಲಿ ನಿಂತಿತು. ಮೇಡಂ ಬಾಗಿಲಿಗೆ ಬಡಿದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಪುಣ್ಯಾತ್ಮರು ಒಂದು ಬಿರುನುಡಿ ಆಡಲಿಲ್ಲ, ಸದ್ಯಕ್ಕೆ ಬರುವುದು ಬೇಡ ಎಂದಷ್ಟೇ ಹೇಳಿಕಳಿಸಿದರು. ಬೀದಿಯವರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ನಿನಗೆ ಫೋನ್ ಮಾಡಿ ಅತ್ತೆ. ನೀನು ಎಲ್ಲವನ್ನೂ ಕೇಳಿ, ಎಲ್ಲರ ಕೈಗೂ ಎಲ್ಲ ಕೆಲಸವೂ ಒಗ್ಗುವುದಿಲ್ಲ ಎಂದು ಸಮಾಧಾನ ಹೇಳಿದೆ. ಆ ಸಮಾಧಾನವನ್ನು ನಾನು ಮರೆತಿಲ್ಲ.

ಜೀಪನ್ನು ಮಾರಿಬಿಡೋಣ ಎಂದು ಅಪ್ಪ ಹೇಳಿದ ಮೇಲೆಯೇ ನನಗೆ ಹಟ ಹುಟ್ಟಿದ್ದು. ಮಾರುವ ಮೊದಲು ಒಮ್ಮೆ ನೋಡಿಬಿಡುತ್ತೇನೆ ಎಂದೆ. ಟೈರುಗಳ ಗಾಳಿ ಸರಿಮಾಡಿದೆ, ಎಡಬಲದ ಚಕ್ರಗಳನ್ನು ಅದಲುಬದಲು ಮಾಡಿದೆ, ಎಳೆತ ಹೋಗಲಿಲ್ಲ. ಜ್ಯಾಕ್ ಕೊಟ್ಟು ಚಕ್ರಗಳನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಬೇರಿಂಗ್ ಗಟ್ಟಿಯಾಗಿತ್ತು. ಪಕ್ಕದಿಂದ ಅಲುಗಿಸಿದಾಗ ಸಣ್ಣ ಟಕ್ ಕೇಳಿತು. ಎರಡು ಚಕ್ರಗಳನ್ನೂ ಜೋಡಿಸುವ ಟೈ ರಾಡಿನ ಕೀಲು ಸವೆದಿತ್ತು, ಬದಲಾಯಿಸಿದೆ. ಕಳ್ಳ ಸಿಕ್ಕ ಎಂದು ಖುಷಿಯಿಂದ ಹೊರಗೆ ಓಡಿಸಿದರೆ, ಗೇಟು ದಾಟುವಷ್ಟರಲ್ಲಿ ಮತ್ತೆ ಅದೇ ನಡುಕ.

ಕೊನೆಗೆ ಅಮ್ಮನನ್ನು ಕರೆದು ಸ್ಟೀರಿಂಗಿನ ಮುಂದೆ ಕೂರಿಸಿದೆ. ಎಂಜಿನ್ ಚಾಲೂ ಇರುವಾಗ ಗಾಡಿಯನ್ನು ನಿಂತಲ್ಲೇ ನಿಲ್ಲಿಸಿ, ಸ್ಟೀರಿಂಗನ್ನು ಸ್ವಲ್ಪ ಆಚೆ, ಸ್ವಲ್ಪ ಈಚೆ ತಿರುಗಿಸುತ್ತಿರಬೇಕು. ನಾನು ಅಡಿಯಲ್ಲಿ ಮಲಗಿ ನೋಡುವುದು. ಅಮ್ಮ ಕೊಳವೆಬಾವಿ ಕೊರೆಯುವವಳಂತೆ ತಿರುಗಿಸತೊಡಗಿದಳು, ನಗು ತಡೆಯಲಾಗಲಿಲ್ಲ. ಆ ನಗು ಬಾಯಲ್ಲಿರುವಾಗಲೇ ಕಂಡಿತು. ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ದಾಟಿಸುವ, ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಭದ್ರವಾಗಿ ಅಂಟಿಕೊಂಡಿರಬೇಕಾದ ಸ್ಟೀರಿಂಗ್ ಬಾಕ್ಸೇ ಅತ್ತಿತ್ತ ಹೊರಳುತ್ತಿತ್ತು. ಅದನ್ನು ಕೂರಿಸಿದ್ದ ಜಾಗದಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದು, ಮುಚ್ಚಿ, ಮತ್ತೆ ಬಿರಿಯುತ್ತಿತ್ತು. ಉಳಿಯಿಂದ ಕೆರೆದೆ. ಬಣ್ಣದ ಕೆಳಗೆ ಸಂದು ಮುಚ್ಚಲು ಮೆತ್ತುವ ಡಬ್ಬದ ಪುಟ್ಟಿ, ಪುಟ್ಟಿಯ ಕೆಳಗೆ ಅವಸರದ ವೆಲ್ಡಿಂಗ್, ಅದರ ನಡುವೆಯೇ ಅಂಗೈ ಉದ್ದದ ಬಿರುಕು. ಬಣ್ಣ ನಮ್ಮ ಗೇಟಿಗೆ ನೀನು ಬಳಿದು ಉಳಿಸಿದ್ದ ಹಸಿರು.

ಅಪ್ಪನನ್ನು ಕರೆದೆ. ಕಣ್ಣಿಗೆ ಕಾಣದಲ್ಲ, ಕೈಹಿಡಿದು ಬಗ್ಗಿಸಿ ಬೆರಳನ್ನು ಅದರ ಮೇಲಿಟ್ಟೆ. ನಿನಗೆ ವೆಲ್ಡಿಂಗ್ ಕಲಿಸಿದವರು ಅವರೇ. ನೀನು ಮಾಡಿದ ಬೆಸುಗೆ ಪ್ರತಿ ಸಲವೂ ಬಲಕ್ಕೆ ವಾಲುತ್ತದೆ ಎಂದು ಬೈಯುತ್ತಿದ್ದವರೂ ಅವರೇ. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಬಹಳ ಹೊತ್ತು ಸವರಿದರು. “ನಮ್ಮವನ ಕೈ” ಅಂದರು. ಎದ್ದು, ಗೋಡೆ ಹಿಡಿದುಕೊಂಡು ಮೇಲೆ ಹೋದರು.

ಹೊರಡುವ ಮುನ್ನ ಹಳ್ಳದಲ್ಲಿ ಬಂಪರಿಗೆ ಸಣ್ಣದೊಂದು ಕಲ್ಲು ತಾಗಿತು ಎಂದಿದ್ದೆಯಲ್ಲ, ಅದು ಇದು. ಕಲ್ಲಿಗೆ ಯಾರ ಗಾಡಿ ಬೇಕಾದರೂ ಬಡಿಯಬಹುದು, ಅದಕ್ಕೆ ನನ್ನ ತಕರಾರಿಲ್ಲ. ಅಪ್ಪನಿಗೆ ಗೊತ್ತಾದರೆ ನಿನ್ನ ಪ್ರಯಾಣ ನಿಲ್ಲುತ್ತಿತ್ತು ಎಂಬ ಹೆದರಿಕೆಯೂ ನನಗೆ ಅರ್ಥವಾಗುತ್ತದೆ. ಆದರೆ ನೀನು ಪುಟ್ಟಿ ಹಚ್ಚಿ, ಅದು ಒಣಗುವವರೆಗೂ ಕಾದು, ಉಜ್ಜಿ ನುಣುಪು ಮಾಡಿ, ಬಣ್ಣ ಬಳಿದೆ. ಅಷ್ಟೂ ಹೊತ್ತು ಈ ಗಾಡಿ ಯಾರ ಕೈಗೆ ಹೋಗುತ್ತದೆಂದು ನಿನಗೆ ಗೊತ್ತಿತ್ತು. ಆಮೇಲೆ ಪ್ರತಿ ಫೋನಿನಲ್ಲೂ ಗೊತ್ತಿತ್ತು. ಡಬ್ಬದ ಪುಟ್ಟಿ ಸಾಲದೆ ಮನೆಯ ಪುಟ್ಟಿಯನ್ನೂ ಆ ಬಿರುಕಿಗೆ ಮೆತ್ತಿಬಿಟ್ಟೆ.

ಜೀಪು ಈಗ ಸರಿಯಾಗಿದೆ. ಬಾಕ್ಸ್ ಬಿಚ್ಚಿ, ನಿನ್ನ ವೆಲ್ಡಿಂಗನ್ನು ಪೂರ್ತಿ ಉಜ್ಜಿ ತೆಗೆದೆ. ಬಿರುಕು ಮುಂದೆ ಹರಿಯದಂತೆ ಅದರ ತುದಿಗಳಲ್ಲಿ ತೂತು ಕೊರೆದು, ಹೊಸದಾಗಿ ಬೆಸೆದು, ಮೇಲೊಂದು ದಪ್ಪ ಉಕ್ಕಿನ ಪಟ್ಟಿ ಕೂರಿಸಿದೆ. ದಾರ ಕಟ್ಟಿ ಚಕ್ರಗಳ ನೇರ ಹೊಂದಿಸಿದೆ. ನಿನ್ನೆ ಒಬ್ಬಳೇ ಆ ತಿರುವಿನವರೆಗೂ ಹೋಗಿಬಂದೆ. ನೆಟ್ಟಗಿನ ದಾರಿಯಲ್ಲಿ ಎರಡೂ ಕೈ ಬಿಟ್ಟು ನೋಡಿದೆ. ಗಾಡಿ ಅತ್ತಿತ್ತ ಸರಿಯಲಿಲ್ಲ. ಸಂತೋಷವಾಗಬೇಕಿತ್ತು. ಗಾಡಿ ಬದಿಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ.

ಅಮ್ಮನ ಆಶೀರ್ವಾದ ನಿನಗೆ ಎಂದಿನಂತೆ ಇದೆ, ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ. ಕೆಮ್ಮಿಗೆ ಔಷಧಿ ತಗೋ.

ಇಂತಿ,
ನಿನ್ನ ತಂಗಿ
ಪುಟ್ಟಿ

ಮರೆತ ಮಾತಲ್ಲ, ಈಗಷ್ಟೇ ನಡೆದದ್ದು: ಕಾಗದ ಮಡಿಸುತ್ತಿದ್ದಾಗ ಮೇಡಂ ಬಂದಿದ್ದರು, ಕೈಗೆ ಇನ್ನೂ ಪಟ್ಟಿ ಇದೆ. ಗಾಡಿಗೆ ಏನಾಗಿತ್ತು ಎಂದು ಕೆಳಗೆ ಅಪ್ಪನನ್ನು ಕೇಳಿದರು, ನಾನು ಮೆಟ್ಟಿಲ ಮೇಲಿದ್ದೆ. “ಗಾಡಿಗೇನೂ ಆಗಿರ್ಲಿಲ್ಲಮ್ಮ, ಹುಡುಗಿ ಕೈ ಈಗ ಪಳಗಿದೆ” ಅಂದರು ಅಪ್ಪ. ಬಿರುಕನ್ನು ಬೆರಳಲ್ಲಿ ಮುಟ್ಟಿ ನೋಡಿದ ಅಪ್ಪ, ಅಣ್ಣಾ. ನಾಳೆಯಿಂದ ಕೆಲಸಕ್ಕೆ ಬಾ ಎಂದು ಮೇಡಂ ಹೇಳಿ ಹೋಗಿದ್ದಾರೆ. ಅಪ್ಪನ ಆ ಮಾತಿನ ಮೇಲೆ ನಾನು ಹೋಗುವುದಿಲ್ಲ. ಅವರ ನಂಬರ್ ನಿನ್ನ ಹತ್ತಿರ ಇದೆ. ಗಾಡಿಗೆ ಏನಾಗಿತ್ತು, ಅದನ್ನು ಮುಚ್ಚಿಟ್ಟವರು ಯಾರು, ನಿನ್ನ ಬಾಯಿಂದಲೇ ಅವರಿಗೆ ಹೇಳು. ಆಮೇಲೆ, ಅವರಿಗೆ ಗೊತ್ತಿದ್ದರೂ, ಅಪ್ಪನಿಗೂ ಹೇಳು. ಅಲ್ಲಿಯವರೆಗೆ ನನಗೆ ಫೋನ್ ಮಾಡಬೇಡ, ಎತ್ತುವುದಿಲ್ಲ.